ಲಿಪೊ: ಎರಡು ಪ್ರೊಸೆಸರಿನ ಕೋಡಿಗೆ ಒಂದೇ ಪಿನ್ನು

ಮ್ಯಾಕಿಗೆ ಸಾಫ್ಟ್‌ವೇರ್ ಕಟ್ಟುವವರ ಕೈಯಲ್ಲಿ, ಸಹಿ ಹಾಕುವ ಕೋಡ್‌ಸೈನನ್ನು ಬಿಟ್ಟರೆ, ಅತಿ ಹೆಚ್ಚು ಬೈಗುಳ ತಿನ್ನುವ ಕಮಾಂಡು ಲಿಪೊ ಇರಬೇಕು. ಆ ಬೈಗುಳದಲ್ಲಿ ಮುಕ್ಕಾಲು ಪಾಲು ಅದಕ್ಕೆ ಸಲ್ಲಬೇಕಾದ್ದಲ್ಲ. ಲಿಪೊ ಮಾಡುವ ಕೆಲಸ ಬಹಳ ಚಿಕ್ಕದು: ಬೇರೆ ಬೇರೆ ಪ್ರೊಸೆಸರಿಗೆಂದು ಮೊದಲೇ ಕಂಪೈಲ್ ಆಗಿರುವ, ಅಂದರೆ ಯಂತ್ರದ ಭಾಷೆಗೆ ಇಳಿದಿರುವ ಫೈಲುಗಳನ್ನು ಕೊಟ್ಟರೆ ಒಂದರ ಹಿಂದೆ ಒಂದು ಇಟ್ಟು, ಎದುರಿಗೆ ಪುಟ್ಟ ಪರಿವಿಡಿ ಅಂಟಿಸಿ, ಒಂದೇ ಫೈಲು ಮಾಡಿ ಕೊಡುತ್ತದೆ. ಅದು ಕಂಪೈಲ್ ಮಾಡುವುದಿಲ್ಲ, ಲಿಂಕ್ ಮಾಡುವುದಿಲ್ಲ, ಒಳಗಿನ ಕೋಡು ಸರಿಯೋ ತಪ್ಪೋ ಎಂದು ಇಣುಕುವುದೂ ಇಲ್ಲ. ಅಚ್ಚುಕೂಟದ ಪಿನ್ನು ಹೊಡೆಯುವ ಯಂತ್ರ ಇದ್ದಂತೆ. ಹಾಳೆಯಲ್ಲಿ ಕಾಗುಣಿತ ತಪ್ಪಿದ್ದರೆ ಪಿನ್ನಿನ ಯಂತ್ರವನ್ನು ದೂರಿ ಎಂತ ಪ್ರಯೋಜನ?

ಮೇಲೆ ಮಲೆಯಾಳ, ಕೆಳಗೆ ಕನ್ನಡ ಅಚ್ಚಾದ ನೋಟಿಸು ಕಾಸರಗೋಡಿನವರಿಗೆ ಹೊಸತಲ್ಲ. ಹಾಳೆ ಒಂದೇ, ಸಂಗತಿ ಒಂದೇ. ಓದುವವರು ತಮಗೆ ಬರುವ ಅರ್ಧವನ್ನು ಓದಿಕೊಂಡು ಹೋಗುತ್ತಾರೆ. ಲಿಪೊ ಕಟ್ಟುವ ಯುನಿವರ್ಸಲ್ ಬೈನರಿಯೂ ಇಷ್ಟೇ. ಇಂಟೆಲ್ ಮ್ಯಾಕು ಇಂಟೆಲ್ ಭಾಗವನ್ನು ಮಾತ್ರ ಓದುತ್ತದೆ, ಆ್ಯಪಲಿನ ಸ್ವಂತ ಆರ್ಮ್ ಪ್ರೊಸೆಸರಿರುವ ಎಂ ಸರಣಿಯ ಮ್ಯಾಕು ಆರ್ಮ್ ಭಾಗವನ್ನು ಮಾತ್ರ ಓದುತ್ತದೆ. ಹಾಳೆ ಉದ್ದವಾಗುತ್ತದೆ, ಓದುವ ವೇಗ ಕಡಿಮೆಯಾಗುವುದಿಲ್ಲ: ಬೇಡದ ಭಾಗ ಮೆಮೊರಿಗೆ ಏರುವುದೇ ಇಲ್ಲ.

ಇದು ಇಲ್ಲಿ ಯಾರಿಗೆ ಬೇಕು? ಹೊಸಂಗಡಿಯಿಂದ ಕಾಞಂಗಾಡಿನವರೆಗೆ ಡಿಟಿಪಿ ಅಂಗಡಿ, ಆಮಂತ್ರಣ ಪತ್ರಿಕೆ ಅಚ್ಚು ಹಾಕುವವರು, ಯಕ್ಷಗಾನದ ಕರಪತ್ರ ಮಾಡುವವರಿಗೆ ಉಪಕರಣ ಬರೆದುಕೊಡುವವರಿಗೆ. ಇಂಥ ಕಡೆ ಹಳೆಯ ಇಂಟೆಲ್ ಐಮ್ಯಾಕ್ ಒಂದು ಮೂಲೆಯಲ್ಲಿ, ಹೊಸ ಮ್ಯಾಕ್‌ಬುಕ್ ಇನ್ನೊಂದು ಮೂಲೆಯಲ್ಲಿ ಇರುವುದುಂಟು. ಹಿಂದಿನ ಬ್ರಹ್ಮಕಲಶೋತ್ಸವದ ಆಮಂತ್ರಣ 'ನುಡಿ' ಎಂಬ ಹಳೆಯ ಅಕ್ಷರ ಸಂಕೇತದಲ್ಲಿದೆ, ಈಗ ಯುನಿಕೋಡಿಗೆ ಬೇಕು ಎಂದಾಗ ಅದನ್ನು ಬದಲಿಸುವ ಪುಟ್ಟ ಪ್ರೋಗ್ರಾಂ ಎರಡರಲ್ಲೂ ಓಡಬೇಕು. 'ನಿಮ್ಮದು ಇಂಟೆಲ್ಲೋ ಎಂ ಸೀರೀಸೋ' ಎಂದು ಕೇಳಿದರೆ 'ಆ್ಯಪಲ್' ಎಂಬ ಉತ್ತರ ಬರುವ ಕಡೆ ಎರಡು ಡೌನ್‌ಲೋಡ್ ಕೊಂಡಿ ಕೊಡುವುದು ಫೋನ್ ಕರೆಯನ್ನು ಆಹ್ವಾನಿಸಿದಂತೆ. ಮುಂದಿನ ವಿವರಕ್ಕೆಲ್ಲ ಇಂಥ ಒಂದು ಸಿ ಪ್ರೋಗ್ರಾಮನ್ನೇ ಉದಾಹರಣೆ ಮಾಡಿಕೊಳ್ಳೋಣ. ಹೆಸರು 'ಬದಲು' ಎಂದಿರಲಿ.

ಲಿಪೊಗೆ ದುಡ್ಡು ಕೊಡಬೇಕಿಲ್ಲ. ಸಾಫ್ಟ್‌ವೇರ್ ಕಟ್ಟುವ ಆ್ಯಪಲಿನ ದೊಡ್ಡ ಪೆಟ್ಟಿಗೆ ಎಕ್ಸ್‌ಕೋಡನ್ನು ಪೂರ್ತಿ ಇಳಿಸಿಕೊಳ್ಳುವ ಅಗತ್ಯವೂ ಇಲ್ಲ. ಟರ್ಮಿನಲಿನಲ್ಲಿ 'ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್' ಎಂದರೆ ಬರುವ ಕಮಾಂಡ್ ಲೈನ್ ಟೂಲ್ಸ್ ಸಾಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಈ ಎರಡರ ಗಾತ್ರದ ಅಂತರ ಸಣ್ಣದಲ್ಲ.

ಬಳಸುವುದು ಹೀಗೆ. ಮೊದಲು ಎರಡು ಸಲ ಕಂಪೈಲ್: ಕ್ಲ್ಯಾಂಗ್ ಎಂಬ ಕಂಪೈಲರಿಗೆ '-ಆರ್ಚ್ ಎಕ್ಸ್86_64' ಕೊಟ್ಟು 'ಬದಲು-ಇಂಟೆಲ್', '-ಆರ್ಚ್ ಆರ್ಮ್64' ಕೊಟ್ಟು 'ಬದಲು-ಆರ್ಮ್'. ಆಮೇಲೆ 'ಲಿಪೊ -ಕ್ರಿಯೇಟ್ ಬದಲು-ಇಂಟೆಲ್ ಬದಲು-ಆರ್ಮ್ -ಔಟ್‌ಪುಟ್ ಬದಲು'. ಮುಗಿಯಿತು. ಪ್ರೋಗ್ರಾಂ ಚಿಕ್ಕದಿದ್ದರೆ ಎರಡೂ '-ಆರ್ಚ್' ಗಳನ್ನು ಒಂದೇ ಸಾಲಿನಲ್ಲಿ ಕ್ಲ್ಯಾಂಗಿಗೆ ಕೊಡಬಹುದು, ಆಗ ಅದೇ ಒಳಗಿಂದೊಳಗೆ ಲಿಪೊವನ್ನು ಕರೆದು ಜೋಡಿಸುತ್ತದೆ. ಕಟ್ಟುವ ಕೆಲಸಕ್ಕೆ ಸಿಮೇಕ್ ಬಳಸುವವರು 'ಸಿಮೇಕ್_ಒಎಸ್‌ಎಕ್ಸ್_ಆರ್ಕಿಟೆಕ್ಚರ್ಸ್' ಗೆ ಎರಡು ಹೆಸರನ್ನೂ ಅರ್ಧವಿರಾಮ ಹಾಕಿ ಕೊಟ್ಟರೆ ಆಯಿತು. ಉದ್ಧರಣ ಚಿಹ್ನೆ ಮರೆತರೆ ಶೆಲ್ ಆ ಅರ್ಧವಿರಾಮದಲ್ಲೇ ಕಮಾಂಡನ್ನು ಕತ್ತರಿಸುತ್ತದೆ. ರಸ್ಟ್ ಮತ್ತು ಗೋ ಭಾಷೆಯಲ್ಲಿ ಒಂದೇ ಏಟಿಗೆ ಆಗುವುದಿಲ್ಲ, ಎರಡು ಸಲ ಕಟ್ಟಿ ಲಿಪೊದಿಂದ ಕೂಡಿಸಬೇಕು. ಗೋದಲ್ಲಿ ಇನ್ನೊಂದು ಕಾಣದ ಮುಳ್ಳುಂಟು: ಬೇರೆ ಪ್ರೊಸೆಸರಿಗೆ ಕಟ್ಟುವಾಗ ಅದು ಸಿ ಕೋಡಿನ ಬೆಂಬಲವನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. 'ಸಿಗೋ_ಎನೇಬಲ್ಡ್=1' ಎಂದು ಕೈಯಾರೆ ಬರೆಯದಿದ್ದರೆ ಎರಡು ಭಾಗಗಳ ನಡವಳಿಕೆಯೇ ಬೇರೆಯಾಗಬಹುದು.

ಒಳಗೆ ಏನಾಗುತ್ತದೆ ಎಂದು ಒಮ್ಮೆ ಬಿಚ್ಚಿ ನೋಡಿದರೆ ಮುಂದಿನ ತೊಂದರೆಗಳು ಅರ್ಧ ಅರ್ಥವಾಗುತ್ತವೆ. ಫೈಲಿನ ಮೊದಲ 4 ಬೈಟುಗಳನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 'ಕೆಫೆಬೇಬ್' ಎಂದು ಓದುತ್ತದೆ. ಮುಂದಿನ 4 ಬೈಟು, ಎಷ್ಟು ಭಾಗಗಳಿವೆ ಎಂಬ ಎಣಿಕೆ. ಆಮೇಲೆ ಪ್ರತಿ ಭಾಗಕ್ಕೂ 20 ಬೈಟಿನ ಒಂದು ಸಾಲು: ಪ್ರೊಸೆಸರಿನ ಜಾತಿ, ಉಪಜಾತಿ, ಭಾಗ ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಗುಣಕದಲ್ಲಿ ಕೂರಬೇಕು. ಎರಡು ಭಾಗಕ್ಕೆ ಪರಿವಿಡಿ ಒಟ್ಟು 48 ಬೈಟು. ಇಷ್ಟಕ್ಕೆ ಒಂದು ಪೋಸ್ಟ್ ಕಾರ್ಡೂ ತುಂಬುವುದಿಲ್ಲ. ಈ ಪರಿವಿಡಿಯ ಸಂಖ್ಯೆಗಳು ದೊಡ್ಡ ಬೈಟು ಮೊದಲು ಬರುವ ಕ್ರಮದಲ್ಲಿವೆ, ಇಂದಿನ ಎರಡೂ ಮ್ಯಾಕುಗಳ ರೂಢಿಗೆ ತಿರುವುಮುರುವು. ಸ್ವಂತ ಪಾರ್ಸರ್ ಬರೆಯಹೊರಟವರು ಮೊದಲು ಎಡವುವುದು ಇಲ್ಲೇ.

ಈ 'ಕೆಫೆಬೇಬ್' ಜಾವಾದ ಕ್ಲಾಸ್ ಫೈಲಿನ ಗುರುತೂ ಹೌದು. ಹಾಗಾದರೆ 'ಫೈಲ್' ಕಮಾಂಡು ಇವೆರಡನ್ನು ಬೇರೆ ಮಾಡುವುದು ಹೇಗೆ? ಮುಂದಿನ 4 ಬೈಟು ನೋಡಿ. ಜಾವಾದಲ್ಲಿ ಅಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ, ಅದು ಶುರುವಾಗುವುದೇ 45ರಿಂದ. ಯುನಿವರ್ಸಲ್ ಬೈನರಿಯಲ್ಲಿ ಅಲ್ಲಿರುವುದು ಭಾಗಗಳ ಎಣಿಕೆ, 45 ಪ್ರೊಸೆಸರಿಗೆ ಯಾರೂ ಕಟ್ಟುವುದಿಲ್ಲ.

ಗುಣಕದ ವಿಷಯ ಗಾತ್ರಕ್ಕೆ ಸಂಬಂಧಪಟ್ಟದ್ದು. ಆರ್ಮ್ ಮ್ಯಾಕಿನಲ್ಲಿ ಮೆಮೊರಿ ಪುಟ (ಮೆಮೊರಿಯನ್ನು ಹಂಚುವ ತುಂಡು) 16384 ಬೈಟು, ಇಂಟೆಲಿನಲ್ಲಿ 4096. ಇಂಟೆಲ್ ಭಾಗ 4096ರಿಂದ ಶುರುವಾಗಿ ಅದರ ಉದ್ದ 31,00,000 ಬೈಟು ಎಂದಿಟ್ಟುಕೊಳ್ಳಿ. ಅದು ಮುಗಿಯುವುದು 31,04,096ಕ್ಕೆ. ಆರ್ಮ್ ಭಾಗ 16384ರ ಗುಣಕದಲ್ಲೇ ಕೂರಬೇಕಾದ್ದರಿಂದ ಶುರುವಾಗುವುದು 31,12,960ಕ್ಕೆ. ನಡುವಿನ 8,864 ಬೈಟು ಬರೀ ಸೊನ್ನೆ. 'ಲಿಪೊ -ಡೀಟೇಲ್ಡ್_ಇನ್ಫೊ' ಕೊಟ್ಟರೆ ಈ ಅಂಕಿಗಳೆಲ್ಲ ಕಾಣುತ್ತವೆ. ನೀವು ಫೈಲುಗಳನ್ನು ಯಾವ ಕ್ರಮದಲ್ಲಿ ಕೊಟ್ಟರೂ ಲಿಪೊ ಆರ್ಮ್64 ಭಾಗವನ್ನು ಕೊನೆಗೇ ಇಡುತ್ತದೆ, ಅದಕ್ಕೆ ಗಾಬರಿ ಬೇಡ.

ಅಂದರೆ ಜೋಡಣೆಯ ಖರ್ಚು ಪುಡಿಗಾಸು, ನಿಜವಾದ ಖರ್ಚು ಕೋಡು ಎರಡು ಪಟ್ಟಾಗುವುದು. ಅದರಲ್ಲೂ ಗಮನಕ್ಕೆ ಬಾರದ್ದು ಕೋಡಿನ ಒಳಗೇ ಸೇರಿಸಿದ ದತ್ತಾಂಶ. ಪದಕೋಶವನ್ನೋ ಫಾಂಟನ್ನೋ ಸ್ಥಿರ ಪಟ್ಟಿಯಾಗಿ ಸಿ ಫೈಲಿನೊಳಗೆ ತುರುಕಿದ್ದರೆ ಅದು ಎರಡೂ ಭಾಗದಲ್ಲಿ ಅಕ್ಷರಶಃ ಒಂದೇ ಆಗಿ ಎರಡು ಸಲ ಕೂರುತ್ತದೆ. 20 ಎಂಬಿ ಪದಕೋಶ 40 ಎಂಬಿ ಆಯಿತು. ಜಿಪ್ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡರೆ ಅದೂ ಇಲ್ಲ: ಸಾಮಾನ್ಯ ಜಿಪ್ ಹಿಂದಿನ 32 ಕೆಬಿಯಷ್ಟನ್ನೇ ನೆನಪಿಟ್ಟುಕೊಂಡು ಪುನರಾವರ್ತನೆ ಹುಡುಕುತ್ತದೆ, ಅಷ್ಟು ದೂರದ ಅವಳಿ ಅದಕ್ಕೆ ಕಾಣುವುದಿಲ್ಲ. ದೊಡ್ಡ ಪಟ್ಟಿಯನ್ನು ಪ್ರತ್ಯೇಕ ಫೈಲಾಗಿ ಇಡುವುದೇ ಮದ್ದು. ಮಳೆಗಾಲದಲ್ಲಿ ನೆಟ್‌ವರ್ಕ್ ಒಂದು ಗೆರೆಗೆ ಇಳಿಯುವ ಮುಳ್ಳೇರಿಯ ಕಡೆಯವರಿಗೆ ಕಳಿಸುವ ಫೈಲಾದರೆ ಈ 20 ಎಂಬಿ ದೊಡ್ಡ ಮಾತೇ.

ಈಗ ತೊಂದರೆಗಳು. ಲಿಪೊ ತಾನಾಗಿ ಕೊಡುವ ದೊಡ್ಡ ತಕರಾರು ಒಂದೇ: 'ಹ್ಯಾವ್ ದ ಸೇಮ್ ಆರ್ಕಿಟೆಕ್ಚರ್ಸ್'. ಒಂದೇ ಪ್ರೊಸೆಸರಿನ ಎರಡು ಭಾಗವನ್ನು ಕೊಟ್ಟಿದ್ದೀರಿ ಎಂದರ್ಥ. ಒಂದೇ ಹಾಳೆಯಲ್ಲಿ ಎರಡು ಕನ್ನಡ ನೋಟಿಸು ಇದ್ದರೆ ಯಾವುದನ್ನು ನಂಬುವುದು? ಲಿಪೊ ನಿರಾಕರಿಸುವುದು ಸರಿಯೇ. ಹೆಚ್ಚಾಗಿ ಇದು ಆಗುವುದು ಕೊಟ್ಟ ಫೈಲುಗಳಲ್ಲಿ ಒಂದು ಆಗಲೇ ಯುನಿವರ್ಸಲ್ ಆಗಿದ್ದಾಗ. 'ಲಿಪೊ -ಆರ್ಚ್ಸ್' ಕೊಟ್ಟು ನೋಡಿ, ಎರಡು ಹೆಸರು ಬಂದರೆ '-ಥಿನ್ ಆರ್ಮ್64' ಕೊಟ್ಟು ಬೇಕಾದ್ದನ್ನು ಮಾತ್ರ ಹೊರತೆಗೆದು ಆಮೇಲೆ ಜೋಡಿಸಿ. ಸ್ಕ್ರಿಪ್ಟಿನಲ್ಲಿ '-ಇನ್ಫೊ' ಬಳಸಬೇಡಿ. ಒಂದೇ ಭಾಗ ಇದ್ದರೆ ಒಂದು ಬಗೆಯ ವಾಕ್ಯ, ಎರಡಿದ್ದರೆ ಇನ್ನೊಂದು ಬಗೆಯ ವಾಕ್ಯ ಹೇಳುವ ಅದರ ಉತ್ತರವನ್ನು ಯಂತ್ರಕ್ಕೆ ಓದಿಸುವುದು ತಲೆನೋವು. ಇದೆಯೋ ಇಲ್ಲವೋ ಎಂದಷ್ಟೇ ಬೇಕಾದರೆ '-ವೆರಿಫೈ_ಆರ್ಚ್' ಉಂಟು, ಬಾಯಿಬಿಡದೆ ನಿರ್ಗಮನ ಸಂಖ್ಯೆಯಲ್ಲೇ ಉತ್ತರ ಕೊಡುತ್ತದೆ.

ಐಫೋನ್ ಲೈಬ್ರರಿ ಮಾಡುವವರು ಇದೇ ತಕರಾರಿಗೆ ಬೇರೆ ಕಾರಣದಿಂದ ಸಿಕ್ಕಿಕೊಳ್ಳುತ್ತಾರೆ. ಮೊದಲೆಲ್ಲ ಫೋನಿಗೆ ಆರ್ಮ್64, ಸಿಮ್ಯುಲೇಟರಿಗೆ (ಮ್ಯಾಕಿನಲ್ಲೇ ಓಡುವ ನಕಲಿ ಫೋನು) ಎಕ್ಸ್86_64 ಎಂದು ಸುಲಭವಾಗಿ ಜೋಡಿಸುತ್ತಿದ್ದರು. ಎಂ1 ಬಂದ ಮೇಲೆ ಸಿಮ್ಯುಲೇಟರೂ ಆರ್ಮ್64. ಲಿಪೊ ನೋಡುವುದು ಪ್ರೊಸೆಸರನ್ನು ಮಾತ್ರ, ಫೋನೋ ಸಿಮ್ಯುಲೇಟರೋ ಎಂಬುದನ್ನಲ್ಲ. ಇಲ್ಲಿ ಲಿಪೊದ ಮಿತಿ ನಿಜ, ಸುತ್ತುದಾರಿ ಹುಡುಕಬೇಡಿ. 2019ರಲ್ಲಿ ಎಕ್ಸ್‌ಕೋಡ್ 11ರೊಂದಿಗೆ ಬಂದ, ಎರಡನ್ನೂ ಬೇರೆಬೇರೆಯಾಗಿಯೇ ಒಂದು ಫೋಲ್ಡರಿನಲ್ಲಿಡುವ ಎಕ್ಸ್‌ಸಿಫ್ರೇಮ್‌ವರ್ಕ್ ಇದಕ್ಕೆಂದೇ ಇರುವುದು.

ಉಳಿದ ತೊಂದರೆಗಳೆಲ್ಲ ಲಿಪೊಗೆ ಮೊದಲೋ ಆಮೇಲೋ ಆಗುವಂಥವು. ಎಲ್ಲಕ್ಕಿಂತ ಹೆಚ್ಚು ಸಿಗುವುದು ಹೋಂಬ್ರೂ ಎಂಬ ಪ್ಯಾಕೇಜು ಸಾಧನದಿಂದ ಹಾಕಿಕೊಂಡ ಲೈಬ್ರರಿಯದ್ದು. ಎಂ ಸರಣಿಯ ಮ್ಯಾಕಿನಲ್ಲಿ ಹೋಂಬ್ರೂ ಕೊಡುವುದು ಆರ್ಮ್64 ಮಾತ್ರ. 'ಬದಲು' ಇಂಥ ಲೈಬ್ರರಿಯೊಂದನ್ನು ಬಳಸಿದ್ದರೆ ಇಂಟೆಲ್ ಭಾಗ ಲಿಂಕ್ ಆಗುವಾಗ ಮೊದಲು ಒಂದು ಎಚ್ಚರಿಕೆ, ಫೈಲನ್ನು ಕಡೆಗಣಿಸಿದೆ ಎಂದು. ಆಮೇಲೆ 'ಅನ್‌ಡಿಫೈನ್ಡ್ ಸಿಂಬಲ್ಸ್ ಫಾರ್ ಆರ್ಕಿಟೆಕ್ಚರ್ ಎಕ್ಸ್86_64' ಎಂಬ ಮಾರುದ್ದದ ಪಟ್ಟಿ. ಎಲ್ಲರೂ ಆ ಪಟ್ಟಿಯನ್ನು ಓದುತ್ತಾರೆ, ಅದರ ಮೇಲಿನ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ರೋಗ ಇರುವುದು ಆ ಎಚ್ಚರಿಕೆಯ ಸಾಲಿನಲ್ಲಿ. ಪರಿಹಾರ, ಆ ಲೈಬ್ರರಿಯನ್ನೇ ಮೂಲದಿಂದ ಎರಡು ಸಲ ಕಟ್ಟಿ, ಅದರ '.ಎ' ಫೈಲುಗಳನ್ನು ಲಿಪೊದಿಂದ ಕೂಡಿಸಿಕೊಳ್ಳುವುದು. ಲಿಪೊ ಸ್ಥಿರ ಲೈಬ್ರರಿಗೂ, ಓಡುವಾಗ ಬಂದು ಸೇರುವ ಡೈಲಿಬ್‌ಗೂ ಒಂದೇ ರೀತಿ ನಡೆಯುತ್ತದೆ.

ಇದರ ಸೋದರಿ ತೊಂದರೆ ಓಡಿಸುವಾಗ ಬರುತ್ತದೆ. ಮುಖ್ಯ ಪ್ರೋಗ್ರಾಂ ಯುನಿವರ್ಸಲ್, ಅದು ಕರೆಯುವ ಡೈಲಿಬ್ ಮಾತ್ರ ಒಂದೇ ಪ್ರೊಸೆಸರಿನದ್ದು. ಕಟ್ಟಿದವರ ಯಂತ್ರದಲ್ಲಿ ಸೊಗಸಾಗಿ ಓಡುತ್ತದೆ, ಅಂಗಡಿಯ ಐಮ್ಯಾಕಿನಲ್ಲಿ 'ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್' ಎಂದು ಬೀಳುತ್ತದೆ. ಆ ಸಾಲಿನ ಕೊನೆಗೆ ಆವರಣದಲ್ಲಿ ಇರುವುದು ಯಾವುದು, ಬೇಕಾದ್ದು ಯಾವುದು ಎಂದು ಎರಡೂ ಹೆಸರು ಬರೆದಿರುತ್ತದೆ. ಕಳಿಸುವ ಮೊದಲು 'ಓಟೂಲ್ -ಎಲ್' ಕೊಟ್ಟು, ಪಟ್ಟಿಯಲ್ಲಿ ಬಂದ ನಿಮ್ಮ ಪ್ರತಿ ಡೈಲಿಬ್‌ಗೂ 'ಲಿಪೊ -ಆರ್ಚ್ಸ್' ಓಡಿಸಿ. ಎಕ್ಸ್‌ಕೋಡಿನಲ್ಲೇ ಕಟ್ಟುವವರಾದರೆ 'ಬಿಲ್ಡ್ ಆ್ಯಕ್ಟಿವ್ ಆರ್ಕಿಟೆಕ್ಚರ್ ಓನ್ಲಿ' ಎಂಬ ಆಯ್ಕೆ ಡಿಬಗ್‌ನಲ್ಲಿ (ದೋಷ ಹುಡುಕುವಾಗಿನ ಕಟ್ಟಡ) 'ಯೆಸ್' ಇರುತ್ತದೆ, ಕಟ್ಟುವುದು ಆ ಯಂತ್ರದ ಪ್ರೊಸೆಸರಿಗೆ ಮಾತ್ರ. ಡಿಬಗ್ ಫೈಲನ್ನೇ ಅವಸರಕ್ಕೆ ಕಳಿಸಿದರೆ ಅರ್ಧ ನೋಟಿಸು ಕಳಿಸಿದಂತೆ.

ಲಿಪೊಗೂ ಕಾಣದ, ಕ್ಲ್ಯಾಂಗಿಗೂ ಕಾಣದ ದೋಷಗಳು ಇನ್ನೂ ಕೆಟ್ಟವು. ಕಾನ್ಫಿಗರ್ ಸ್ಕ್ರಿಪ್ಟು ತಾನು ಓಡುವ ಯಂತ್ರವನ್ನು ಪರೀಕ್ಷಿಸಿ ಒಂದು ಹೆಡರ್ ಬರೆಯುತ್ತದೆ, ಅದನ್ನೇ ಎರಡೂ ಕಟ್ಟಡಕ್ಕೆ ಬಳಸಿದರೆ ಒಂದು ಭಾಗದಲ್ಲಿ ತಪ್ಪು ಊಹೆ ಸೇರಿಕೊಳ್ಳುತ್ತದೆ. ಪ್ರತಿ ಪ್ರೊಸೆಸರಿಗೆ ಬೇರೆ ಫೋಲ್ಡರು, ಬೇರೆ ಕಾನ್ಫಿಗರ್: ಇದರಲ್ಲಿ ಜಿಪುಣತನ ಬೇಡ. ಮೆಮೊರಿ ಪುಟ 4096 ಎಂದು ಕೋಡಿನಲ್ಲೇ ಬರೆದಿಟ್ಟಿದ್ದರೆ ಆರ್ಮ್‌ನಲ್ಲಿ ಫೈಲನ್ನು ಮೆಮೊರಿಗೆ ಹಾಸುವ ಎಂಮ್ಯಾಪ್ ಕೈಕೊಡುತ್ತದೆ. 'ಲಾಂಗ್ ಡಬಲ್' ಎಂಬ ದಶಮಾಂಶ ಸಂಖ್ಯೆ ಇಂಟೆಲ್ ಮ್ಯಾಕಿನಲ್ಲಿ 80 ಬಿಟ್ಟಿನ ನಿಖರತೆಯದ್ದು, ಆ್ಯಪಲಿನ ಆರ್ಮ್‌ನಲ್ಲಿ ಬರೀ 64 ಬಿಟ್ಟಿನ ಡಬಲ್. ಅದನ್ನು ಹಾಗೆಯೇ ಫೈಲಿಗೆ ಬರೆದರೆ ಒಂದು ಯಂತ್ರದ ಫೈಲು ಇನ್ನೊಂದಕ್ಕೆ ಓದಲು ಬಾರದು. ಒಂದು ಸಮಾಧಾನ: ಬೇರೆ ಆರ್ಮ್ ವ್ಯವಸ್ಥೆಗಳಲ್ಲಿ ಒಂದು ಬೈಟು ಹಿಡಿಯುವ 'ಚಾರ್' ಧನ-ಋಣ ಚಿಹ್ನೆಯಿಲ್ಲದ್ದಾಗುವುದು ರೂಢಿ, ಆ್ಯಪಲ್ ಮಾತ್ರ ಇಂಟೆಲಿನಂತೆ ಚಿಹ್ನೆಯುಳ್ಳದ್ದಾಗಿಯೇ ಉಳಿಸಿದೆ. ಯುಟಿಎಫ್-8 ಕನ್ನಡದ ಬೈಟುಗಳೆಲ್ಲ 127ಕ್ಕಿಂತ ಮೇಲಿನವು, ಚಾರ್‌ನಲ್ಲಿಟ್ಟರೆ ಎರಡೂ ಭಾಗದಲ್ಲಿ ಋಣಸಂಖ್ಯೆಯಾಗಿಯೇ ಕಾಣುತ್ತವೆ. ಅದೇ ಕೋಡನ್ನು ಲಿನಕ್ಸ್ ಆರ್ಮ್‌ಗೆ ಒಯ್ದಾಗ ಮಾತ್ರ ಧನವಾಗಿ ತಿರುಗುತ್ತದೆ, ಆಗ ಲಿಪೊ ಆಟದಲ್ಲೇ ಇರುವುದಿಲ್ಲ.

ಹಳೆಯ ಮ್ಯಾಕ್ ಒಎಸ್ ಇರುವ ಅಂಗಡಿಗೆ ಕೊಡುವುದಾದರೆ ಕನಿಷ್ಠ ಆವೃತ್ತಿಯನ್ನೂ ಗಮನಿಸಿ. ಪ್ರತಿ ಭಾಗಕ್ಕೂ ತನ್ನದೇ ಕನಿಷ್ಠ ಆವೃತ್ತಿ ಇರಬಹುದು. ಇಂಟೆಲ್ ಭಾಗಕ್ಕೆ 10.13 ಎಂದು ಕೊಡಬಹುದು. ಆರ್ಮ್ ಮ್ಯಾಕುಗಳು ಹುಟ್ಟಿದ್ದೇ 11.0ದೊಂದಿಗೆ, ಹಾಗಾಗಿ ಅದಕ್ಕಿಂತ ಕಡಿಮೆ ಕೊಟ್ಟರೂ ಕ್ಲ್ಯಾಂಗ್ ಆರ್ಮ್ ಭಾಗವನ್ನು 11.0ಕ್ಕೆ ಏರಿಸುತ್ತದೆ.

ಕೋಡನ್ನು ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಹಾಕುವ ಕೆಲಸದಲ್ಲಿ ಕ್ರಮ ತಪ್ಪಿದರೆ ಮುಗಿಯಿತು. ಎಂ ಸರಣಿಯಲ್ಲಿ ಸಹಿಯಿಲ್ಲದ ಆರ್ಮ್ ಕೋಡು ಓಡುವುದೇ ಇಲ್ಲ. ಲಿಂಕರ್ ತಾನಾಗಿ ಒಂದು ತಾತ್ಕಾಲಿಕ ಸಹಿ ಹಾಕಿ ಕೊಡುತ್ತದೆ, ಅದಕ್ಕೇ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಸಹಿ ಪ್ರತಿ ಭಾಗದ ಒಳಗೇ ಇರುತ್ತದೆ, ಅದರ ಲೆಕ್ಕ ಆ ಭಾಗದ ಆರಂಭದಿಂದ. ಹಾಗಾಗಿ ಲಿಪೊ ಭಾಗವನ್ನು ಎತ್ತಿ ಬೇರೆ ಕಡೆ ಇಟ್ಟರೂ ಸಹಿ ಕೆಡುವುದಿಲ್ಲ. ಕೆಡಿಸುವುದು ಆಮೇಲೆ ಒಳಗೆ ಕೈಹಾಕುವ ಸಾಧನಗಳು. ಪರದೆಯ ಮೇಲೆ 'ಕಿಲ್ಡ್: 9' ಎಂಬ ಒಂದೇ ಪದ ಬಂದು ಪ್ರೋಗ್ರಾಂ ಸತ್ತರೆ ಮೊದಲು ಸಹಿಯನ್ನು ಅನುಮಾನಿಸಿ, 'ಕೋಡ್‌ಸೈನ್ --ವೆರಿಫೈ' ಓಡಿಸಿ. ಸರಿಯಾದ ಕ್ರಮ: ಕಂಪೈಲ್, ಸ್ಟ್ರಿಪ್ (ಬೇಡದ ಹೆಸರುಪಟ್ಟಿ ಕಳಚುವುದು), ಡೈಲಿಬ್ ದಾರಿ ತಿದ್ದುವುದಿದ್ದರೆ ಅದು, ಆಮೇಲೆ ಲಿಪೊ, ಆಮೇಲೆ ಸಹಿ, ಆಮೇಲೆ ಜಿಪ್, ನೋಟರೈಸ್ (ಆ್ಯಪಲಿಗೆ ಕಳಿಸಿ ತಪಾಸಣೆಯ ಚೀಟಿ ಪಡೆಯುವುದು). ಸಹಿಯನ್ನು ಜೋಡಿಸಿದ ಫೈಲಿಗೆ ಒಮ್ಮೆ ಹಾಕಿದರೆ ಎರಡೂ ಭಾಗಕ್ಕೆ ಬೀಳುತ್ತದೆ. ಬರೀ ಕಮಾಂಡ್ ಲೈನ್ ಫೈಲನ್ನು ಜಿಪ್ ಮಾಡಿ ನೋಟರೈಸ್ ಮಾಡಿಸಬಹುದು, ಆದರೆ ಆ ಚೀಟಿಯನ್ನು ಫೈಲಿಗೆ ಅಂಟಿಸಿ ಕಳಿಸಲು ಬರುವುದಿಲ್ಲ. ಮೊದಲ ಸಲ ಓಡಿಸುವಾಗ ಇಂಟರ್‌ನೆಟ್ ಇದ್ದರೆ ಒಳ್ಳೆಯದು. ಅಂಟಿಸಲೇಬೇಕೆಂದಿದ್ದರೆ ಪಿಕೆಜಿ ಅಥವಾ ಡಿಎಂಜಿ ಮಾಡಿ.

ಪರೀಕ್ಷೆಗೆ ಒಂದು ಎಂ ಸರಣಿಯ ಯಂತ್ರ ಸಾಕು, ಇಂಟೆಲ್ ಯಂತ್ರ ಮಾತ್ರ ಇದ್ದರೆ ಸಾಲದು. ರೋಸೆಟ್ಟಾ 2 ಎಂಬ ದುಭಾಷಿಯನ್ನು ಹಾಕಿಕೊಂಡು 'ಆರ್ಚ್ -ಎಕ್ಸ್86_64 ./ಬದಲು' ಎಂದರೆ ಇಂಟೆಲ್ ಭಾಗ ಓಡುತ್ತದೆ; ಇಂಟೆಲ್ ಮ್ಯಾಕಿನಲ್ಲಿ ಆರ್ಮ್ ಭಾಗವನ್ನು ಓಡಿಸುವ ದಾರಿಯಿಲ್ಲ. ದುಭಾಷಿ ಒಪ್ಪಿದ್ದನ್ನೆಲ್ಲ ನಿಜವಾದ ಯಂತ್ರವೂ ಒಪ್ಪುತ್ತದೆ ಎಂಬ ಖಾತರಿಯಿಲ್ಲ, ವೇಗವಂತೂ ಬೇರೆಯೇ. ತಿರುವುಮುರುವೂ ನಿಜ: ಮ್ಯಾಕ್ ಒಎಸ್ 15ಕ್ಕಿಂತ ಹಿಂದಿನ ರೋಸೆಟ್ಟಾಕ್ಕೆ ಇಂಟೆಲ್ ಪ್ರೊಸೆಸರಿನ ಎವಿಎಕ್ಸ್ ಸೂಚನೆಗಳು ಬರುತ್ತಿರಲಿಲ್ಲ, ಐಮ್ಯಾಕಿನಲ್ಲಿ ಸರಿ ಇದ್ದದ್ದು ಅಲ್ಲಿ ಬೀಳುತ್ತಿತ್ತು.

ಮ್ಯಾಕೇ ಇಲ್ಲದ ಕಡೆ ಜೋಡಿಸಬೇಕಾದರೆ ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ಯೋಜನೆಯ ಎಲ್‌ಎಲ್‌ವಿಎಂ-ಲಿಪೊ ಉಂಟು. ಉಬುಂಟುವಿನ ಎಲ್‌ಎಲ್‌ವಿಎಂ ಪ್ಯಾಕೇಜಿನೊಂದಿಗೆ ಬರುತ್ತದೆ, ಹೆಸರಿನ ಹಿಂದೆ ಆವೃತ್ತಿ ಸಂಖ್ಯೆ ಇರಬಹುದು. ಆಯ್ಕೆಗಳು ಆ್ಯಪಲಿನದ್ದರಂತೆಯೇ, ದಿನನಿತ್ಯದ ಜೋಡಣೆಗೆ ಏನೂ ಕೊರತೆಯಿಲ್ಲ. ಒಂದು ಭಾಗ 4 ಜಿಬಿ ದಾಟುವಷ್ಟು ದೈತ್ಯ ಫೈಲಾದರೆ ಮಾತ್ರ ಎರಡರಲ್ಲೂ ತೊಡಕು: ಪರಿವಿಡಿಯ ಅಂಕಿಗಳು 32 ಬಿಟ್ಟಿನವು. ಅದಕ್ಕೆ '-ಫ್ಯಾಟ್64' ಎಂಬ ಆಯ್ಕೆ ಇದೆ. ನುಡಿ ಬದಲಿಸುವ ಪ್ರೋಗ್ರಾಮಿಗೆ ಅದರ ಹಂಗು ಬಾರದು.

ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಡುವುದು ಲಿನಕ್ಸ್. ಅಲ್ಲಿಗೂ ಇದೇ ಉಪಾಯ ನಡೆಯುತ್ತದೆಯೇ ಎಂದರೆ, ಇಲ್ಲ. 2009ರಲ್ಲಿ ರಯಾನ್ ಗಾರ್ಡನ್ ಫ್ಯಾಟ್‌ಎಲ್ಫ್ ಎಂದು ಇದನ್ನೇ ಲಿನಕ್ಸಿಗೆ ತರಲು ಹೊರಟರು, ಕರ್ನೆಲಿನವರು ಒಪ್ಪಲಿಲ್ಲ. ಪ್ಯಾಕೇಜು ವ್ಯವಸ್ಥೆಯೇ ಪ್ರೊಸೆಸರ್ ನೋಡಿ ಸರಿಯಾದ್ದನ್ನು ಇಳಿಸಿಕೊಳ್ಳುವಾಗ ಜೋಡಿ ಫೈಲಿನ ಅಗತ್ಯ ಅಲ್ಲಿ ಕಡಿಮೆಯೂ ಹೌದು. ಶಾಲೆಗೆ ಪ್ರೊಸೆಸರಿಗೊಂದರಂತೆ ಬೇರೆ ಬೇರೆ '.ಡೆಬ್' ಪ್ಯಾಕೇಜು ಮಾಡಿ. ಆಂಡ್ರಾಯ್ಡ್‌ನಲ್ಲೂ ಪ್ಲೇ ಸ್ಟೋರ್ ಆ್ಯಪ್ ಬಂಡಲಿನಿಂದ ಫೋನಿಗೆ ತಕ್ಕ ಭಾಗವನ್ನಷ್ಟೇ ಕಳಿಸುತ್ತದೆ. ಲಿಪೊದ ಉಪಾಯ ಬೆಲೆಬಾಳುವುದು ಫೈಲು ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಕಡೆ.

ಈ ಉಪಾಯಕ್ಕೆ ವಯಸ್ಸೂ ಆಗಿದೆ. ನೆಕ್ಸ್ಟ್‌ಸ್ಟೆಪ್ ಎಂಬ ಕಾರ್ಯವ್ಯವಸ್ಥೆ 1993ರ ಹೊತ್ತಿಗೆ ಮೋಟೊರೋಲಾ ಮತ್ತು ಇಂಟೆಲಿಗೆ ಇದನ್ನೇ ಮಾಡಿತ್ತು, 2005ರಲ್ಲಿ ಆ್ಯಪಲ್ ಪವರ್‌ಪಿಸಿಯಿಂದ ಇಂಟೆಲಿಗೆ ಹೊರಟಾಗ ಯುನಿವರ್ಸಲ್ ಬೈನರಿ ಎಂದು ಹೆಸರಿಟ್ಟಿತು, 2020ರಲ್ಲಿ ಮತ್ತೊಮ್ಮೆ. ಈ ಸುತ್ತೂ ಮುಗಿಯುತ್ತ ಬಂದಿದೆ: ಇಂಟೆಲ್ ಮ್ಯಾಕುಗಳಿಗೆ ಮ್ಯಾಕ್ ಒಎಸ್ 26 ಕೊನೆಯದು ಎಂದು ಆ್ಯಪಲ್ 2025ರ ಜೂನಿನಲ್ಲಿ ಹೇಳಿದೆ. ಅದೂ ನಾಲ್ಕೇ ಮಾದರಿಗೆ. ಆದರೆ ಅಂಗಡಿಯ ಐಮ್ಯಾಕು ಆ್ಯಪಲ್ ಹೇಳಿದ ದಿನ ಕಣ್ಣುಮುಚ್ಚುವುದಿಲ್ಲ, ಅಚ್ಚು ಹಾಕುವ ಕೆಲಸ ನಡೆಯುವಷ್ಟು ದಿನ ನಡೆಯುತ್ತದೆ. ಇಂಟೆಲ್ ಭಾಗವನ್ನು ಕಟ್ಟಲು ನಿಮ್ಮ ಎಕ್ಸ್‌ಕೋಡ್ ಒಪ್ಪುವವರೆಗೆ ಜೋಡಿಸುತ್ತಲೇ ಇರಿ, ಖರ್ಚು ಕೆಲವು ಎಂಬಿ ಅಷ್ಟೆ. ಬೇಡವೆಂದು ತೀರ್ಮಾನಿಸಿದ ದಿನ 'ಲಿಪೊ ಬದಲು -ರಿಮೂವ್ ಎಕ್ಸ್86_64 -ಔಟ್‌ಪುಟ್ ಬದಲು-ಹೊಸತು' ಎಂದರೆ ಆಯಿತು. ಬಿಡಿ ಫೈಲಾದರೆ ಉಳಿದ ಭಾಗದ ಸಹಿ ಹಾಗೆಯೇ ನಿಲ್ಲುತ್ತದೆ. ಆ್ಯಪ್ ಫೋಲ್ಡರಿನ ಒಳಗಿನ ಫೈಲಾದರೆ ಇಡೀ ಆ್ಯಪಿಗೆ ಮತ್ತೆ ಸಹಿ ಹಾಕಿ.